ಅಂಡಮಾನ್‌ನಲ್ಲಿ ಸ್ಕೂಬಾ: ದಸರಾ ರಜೆಗಾ, ಡಿಸೆಂಬರ್‌ಗಾ, ಏಪ್ರಿಲ್‌ಗಾ?

ವಿಜಯನಗರದ_ಮೀನು · ಭಾನುವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಅಂಡಮಾನ್‌ಗೆ ಹೋಗಿ ಸ್ಕೂಬಾ ಕಲಿಯಬೇಕು ಅಂತ ನಾನೂ ನಮ್ಮನೆಯವರೂ ಎರಡು ವರ್ಷದಿಂದ ಬಾಯಲ್ಲೇ ಹೋಗಿ ಬರುತ್ತಿದ್ದೇವೆ. ಈ ಸಲ ಮಗಳೂ ಹಟ ಹಿಡಿದಿದ್ದಾಳೆ. ಅವಳಿಗೆ 11 ವರ್ಷ, ಸ್ಕೂಲು ತಪ್ಪಿಸುವ ಹಾಗಿಲ್ಲ. ಹಾಗಾಗಿ ನಮಗೆ ಸಿಗುವುದು ಮೂರೇ ಸಮಯ: ದಸರಾ ರಜೆ, ಡಿಸೆಂಬರ್ ಕೊನೇ ವಾರ, ಇಲ್ಲಾಂದ್ರೆ ಪರೀಕ್ಷೆ ಮುಗಿದ ಮೇಲೆ ಏಪ್ರಿಲ್.

ಟ್ರಾವೆಲ್ಸ್‌ನವರನ್ನು ಕೇಳಿದೆ. "ವರ್ಷ ಪೂರ್ತಿ ಸೀಸನ್ನೇ ಮೇಡಂ, ಯಾವಾಗ ಬುಕ್ ಮಾಡಲಿ?" ಅಂದರು. ವರ್ಷ ಪೂರ್ತಿ ಸೀಸನ್ ಇರುವುದು ಬಾಳೆಹಣ್ಣಿಗೆ ಮಾತ್ರ ಅಂತ ನನ್ನ ಅನುಮಾನ.

ಇಷ್ಟು ಯೋಚನೆ ಮಾಡೋಕೆ ಕಾರಣ ಇದೆ. ಹಿಂದೊಮ್ಮೆ ಅಕ್ಟೋಬರ್ ಮೊದಲ ವಾರ ಮುರುಡೇಶ್ವರಕ್ಕೆ ಹೋಗಿ ಅಲ್ಲಿಯ ನೇತ್ರಾಣಿ ದ್ವೀಪದ ಹತ್ತಿರ ಒಂದು ಸಲ ಮುಳುಗಿದ್ದೆ. ನೀರು ಹೆಸರುಬೇಳೆ ಬೇಯಿಸಿದ ಕಟ್ಟಿನ ಹಾಗಿತ್ತು. ಕಣ್ಣ ಮುಂದೆ ಹೇಳಿಕೊಡುವವರ ಕಾಲಿನ ಹಳದಿ ಫಿನ್ನು, ಅದರಾಚೆ ಬರೀ ಹಸಿರು. ಆಮೇಲೆ ಫೋಟೋ ನೋಡಿದರೆ ನನ್ನ ಮೊಣಕೈ ಪಕ್ಕದಲ್ಲೇ ದೊಡ್ಡ ಮೀನು! ನನಗೆ ಕಂಡೇ ಇಲ್ಲ. ಅಷ್ಟು ದುಡ್ಡು ಕೊಟ್ಟು ಅಂಡಮಾನ್‌ಗೂ ಹೋಗಿ ಇದೇ ಕಥೆ ಆಗಬಾರದು. ಹೋಗಿ ಬಂದವರು ದಯವಿಟ್ಟು ಹೇಳಿ.

ಒಂದೇ_ಮಾತು · 9:15

ಏಪ್ರಿಲ್.

ಜಯನಗರ_4ನೇ_ಬ್ಲಾಕ್ · 9:31

ಮೇಲಿನವರು ಹೆಸರಿಗೆ ತಕ್ಕ ಹಾಗೆ ಇದ್ದಾರೆ. ನಾನು ಒಪ್ಪಲ್ಲ. ನಾವು ಹೋಗಿದ್ದು ಡಿಸೆಂಬರ್ 24ಕ್ಕೆ. ಬಿಸಿಲು ಹಿತವಾಗಿತ್ತು, ನೀರು ಚೆನ್ನಾಗಿತ್ತು, ಆಮೆ ನೋಡಿದೆವು. ಏಪ್ರಿಲ್‌ನಲ್ಲಿ ಹೋದರೆ ಬೆಂದು ಹೋಗ್ತೀರ. ರಾಧಾನಗರ ಬೀಚಿನ ಮರಳಲ್ಲಿ ಮಧ್ಯಾಹ್ನ ಬರಿಗಾಲಲ್ಲಿ ನಡೆದು ನೋಡಿ, ಆಮೇಲೆ ಮಾತಾಡೋಣ.

ಒಂದೇ ತಕರಾರು, ಡಿಸೆಂಬರ್‌ನಲ್ಲಿ ಜನ. ಒಂದೊಂದು ಸಲ ನೀರೊಳಗೂ ಮೆಜೆಸ್ಟಿಕ್ ಪ್ಲಾಟ್‌ಫಾರಂ ನೆನಪಾಗುತ್ತೆ.

ನೀರುನಾಯಿ · 9:58

ತಿಂಗಳು ಕೇಳುವ ಮೊದಲು ಗಾಳಿ ಯಾವ ದಿಕ್ಕಿನಿಂದ ಅಂತ ಕೇಳಬೇಕು ಮೇಡಂ. ಅದು ಗೊತ್ತಾದರೆ ತಿಂಗಳು ತಾನಾಗೇ ಗೊತ್ತಾಗುತ್ತೆ.

ಸ್ಕೂಬಾಗೆ ಜನ ಹೋಗುವ ಹ್ಯಾವ್ಲಾಕ್ ದ್ವೀಪದಲ್ಲಿ ರಾಧಾನಗರ ಬೀಚ್ ಇರುವುದು ಪಶ್ಚಿಮಕ್ಕೆ. ಸ್ಕೂಬಾದವರ ಅಂಗಡಿ, ಬೋಟ್ ಹೊರಡುವ ಜಾಗ, 2, 3, 5ನೇ ನಂಬರ್ ಬೀಚುಗಳೆಲ್ಲ ಪೂರ್ವಕ್ಕೆ. ಮೇ ಕೊನೆಯಿಂದ ಸೆಪ್ಟೆಂಬರ್ ತನಕ ನೈಋತ್ಯದ ಗಾಳಿ. ಅಲೆಯೆಲ್ಲ ರಾಧಾನಗರದ ಕಡೆಗೆ ಬಂದು ಬಡಿಯುತ್ತೆ. ಪೂರ್ವದ ಕಡೆಗೆ ದ್ವೀಪದ ಮರೆ ಇರುತ್ತೆ, ಅದಕ್ಕೇ ಮಳೆಗಾಲದಲ್ಲೂ ದಡದ ಹತ್ತಿರ ಅಷ್ಟಿಷ್ಟು ಡೈವ್ ನಡೆಯುತ್ತೆ. "ವರ್ಷ ಪೂರ್ತಿ ಸೀಸನ್" ಅನ್ನುವವರು ಹಿಡಿದುಕೊಂಡಿರುವುದು ಇದೇ ಅರ್ಧ ಸತ್ಯವನ್ನು.

ನವೆಂಬರ್‌ಗೆ ಗಾಳಿ ತಿರುಗಿ ಈಶಾನ್ಯದಿಂದ ಬೀಸುತ್ತೆ. ಈಗ ಅಲೆ ಬರುವುದು ನೇರ ಬೋಟ್ ನಿಲ್ಲುವ ಕಡೆಗೇ. ಡಿಸೆಂಬರ್‌ನಲ್ಲಿ ಬಿಸಿಲು ಇರುತ್ತೆ, ಆಕಾಶ ನೀಲಿ ಇರುತ್ತೆ, ಆದರೂ ಬೋಟ್ ಕುಣಿಯುತ್ತೆ, ಮರಳು ಎದ್ದು ನೀರು ಕದಡುತ್ತೆ. ಜಯನಗರದವರಿಗೆ ಒಳ್ಳೆ ದಿನ ಸಿಕ್ಕಿದೆ. ಸಿಗಲ್ಲ ಅಂತಲ್ಲ, ಅದೃಷ್ಟದ ಆಟ ಅಷ್ಟೇ.

ಫೆಬ್ರವರಿ ಅರ್ಧದಿಂದ ಏಪ್ರಿಲ್ ಕೊನೆ ತನಕ ಎರಡೂ ಗಾಳಿ ಸುಮ್ನಿರುತ್ತವೆ. ಸಮುದ್ರ ತಟ್ಟೆಯಲ್ಲಿಟ್ಟ ನೀರಿನ ಹಾಗೆ. ದೂರದ ಜಾಗಗಳು, ಡಿಕ್ಸನ್ಸ್ ಪಿನಕಲ್, ಜಾನೀಸ್ ಗೋರ್ಜ್ ಇಂಥವಕ್ಕೆ ಬೋಟ್ ದಿನಾ ಹೋಗುವುದು ಆಗಲೇ. ನೀವು ಹೊಸಬರು, ಅಲ್ಲಿಗೆ ಹೋಗಲ್ಲ ಬಿಡಿ, ಅವು ಆಳದ ಜಾಗಗಳು. ಆದರೆ ಆ ಬೋಟ್‌ಗಳು ಹೊರಡುತ್ತಿವೆ ಅಂದರೆ ಹೊಸಬರು ಇಳಿಯುವ ನೀಮೋ ರೀಫ್‌ನ ನೀರು ತಿಳಿಯಾಗಿದೆ ಅಂತ ಅರ್ಥ. ಒಳ್ಳೆ ದಿನ ನನಗೆ 20-25 ಮೀಟರ್ ದೂರ ಕಂಡಿದ್ದಿದೆ. ಅದೇ ಜಾಗದಲ್ಲಿ ಜುಲೈನಲ್ಲಿ ಐದು ಮೀಟರ್ ಕಾಣೋದೇ ಹೆಚ್ಚು.

ಚುರುಮುರಿ_ಚಿಕ್ಕಪೇಟೆ · 10:04

ಹ್ಯಾವ್ಲಾಕ್ ಅಲ್ಲ ಸ್ವಾಮಿ, ಸ್ವರಾಜ್ ದ್ವೀಪ. 2018ರ ಡಿಸೆಂಬರ್‌ನಲ್ಲೇ ಹೆಸರು ಬದಲಾಗಿದೆ. ನೀಲ್ ಈಗ ಶಹೀದ್ ದ್ವೀಪ. ಪೋರ್ಟ್ ಬ್ಲೇರ್ ಕೂಡ 2024ರಿಂದ ಶ್ರೀ ವಿಜಯಪುರಂ.

ನೀರುನಾಯಿ · 10:06

ಸರಿ ಸ್ವಾಮಿ. ನೀವು ಆಟೋದವರಿಗೆ "ಕೆಂಪೇಗೌಡ ಬಸ್ ನಿಲ್ದಾಣ" ಅಂತೀರೋ "ಮೆಜೆಸ್ಟಿಕ್" ಅಂತೀರೋ?

ಚುರುಮುರಿ_ಚಿಕ್ಕಪೇಟೆ · 10:07

😀 ಸೋತೆ.

ಕೋರಮಂಗಲ_ಕೋಡರ್ · 10:20

ಒಂದು ದಡ್ಡ ಪ್ರಶ್ನೆ. ನೀರೊಳಗೆ ಇದ್ದಾಗ ಮೇಲೆ ಮಳೆ ಬಂದರೆ ನಮಗೇನು? ಹೇಗೂ ಒದ್ದೆ ಆಗಿರ್ತೀವಿ ಅಲ್ವಾ?

ನೀರುನಾಯಿ · 10:33

ದಡ್ಡ ಪ್ರಶ್ನೆ ಏನಲ್ಲ. ಮಳೆಯಿಂದ ನೇರವಾಗಿ ಏನೂ ತೊಂದರೆ ಇಲ್ಲ. ಗಾಳಿ ಇಲ್ಲದೆ ಬರೀ ಮಳೆ ಬಂದರೆ ಕೆಳಗಿನಿಂದ ಮೇಲೆ ನೋಡೋಕೆ ಚೆಂದ, ನೀರಿನ ಮೇಲ್ಮೈ ಮೇಲೆ ಸಾಸಿವೆ ಸಿಡಿದ ಹಾಗೆ ಕಾಣುತ್ತೆ. ತೊಂದರೆ ಕೊಡುವುದು ಎರಡು. ಒಂದು ಗಾಳಿ. ಇನ್ನೊಂದು, ಜೋರು ಮಳೆಗೆ ಕಾಡಿನ ಮಣ್ಣು ತೊಳೆದುಕೊಂಡು ಬಂದು ಸಮುದ್ರ ಸೇರುವುದು. ಅಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ನೈಋತ್ಯದ ಮಳೆಯೂ ಅವರಿಗೇ, ಈಶಾನ್ಯದ ಮಳೆಯೂ ಅವರಿಗೇ. ಬೆಂಗಳೂರಿನ ಮೂರು ಪಟ್ಟು ಅಂದುಕೊಳ್ಳಿ.

ಅಂದ ಹಾಗೆ ದಸರಾ ಹೊತ್ತಿಗೆ ಆಗುವುದು ಇದೇ. ಒಂದು ಮಳೆ ಪೂರ್ತಿ ಹೋಗಿರಲ್ಲ, ಇನ್ನೊಂದು ಬರೋಕೆ ಕಾಯುತ್ತಿರುತ್ತೆ. ಮೂರು ದಿನ ಚಿನ್ನದಂಥ ನೀರು ಸಿಗಬಹುದು, ಮೂರು ದಿನ ರೂಮಲ್ಲಿ ಕೂತು ಕಾರ್ಡ್ಸ್ ಆಡಬಹುದು.

ಸಿಕ್ಕಿಬಿದ್ದವ · 10:51

ಡಿಸೆಂಬರ್ ಅಂದವರಿಗೆ ನನ್ನ ಕಥೆ. 2016ರ ಡಿಸೆಂಬರ್. ವಾರ್ದಾ ಚಂಡಮಾರುತ. ಚೆನ್ನೈನಲ್ಲಿ ಮರ ಬಿದ್ದಿದ್ದು ಎಲ್ಲರಿಗೂ ನೆನಪಿದೆ. ಅದಕ್ಕೂ ಕೆಲವು ದಿನ ಮೊದಲು ಅದು ಅಂಡಮಾನ್ ಹತ್ತಿರ ಹುಟ್ಟುತ್ತಿದ್ದಾಗ ನಾನು ನೀಲ್ ದ್ವೀಪದಲ್ಲಿ ಕೂತಿದ್ದೆ.

ಫೆರ್ರಿ ಬಂದ್. ಕರೆಂಟ್ ಇಲ್ಲ. ಫೋನ್ ಸತ್ತುಹೋಯಿತು. ನೀಲ್, ಹ್ಯಾವ್ಲಾಕ್ ಎರಡೂ ಸೇರಿ 1400ಕ್ಕೂ ಜಾಸ್ತಿ ಪ್ರವಾಸಿಗಳು ಸಿಕ್ಕಿಬಿದ್ದಿದ್ದರು. ಕೊನೆಗೆ ನೌಕಾಪಡೆ ಹಡಗು ಬಂದಿತು. ನಾವಿದ್ದ ಲಾಡ್ಜ್‌ನ ಅಜ್ಜಿ ಮೂರು ದಿನ ಅನ್ನ, ಬೇಳೆ, ಆಲೂಗಡ್ಡೆ ಪಲ್ಯ ಹಾಕಿದರು. ಎಷ್ಟು ಅಂತ ಕೇಳಿದರೆ ಊಟದ ದುಡ್ಡು ತಗೊಳ್ಳಲೇ ಇಲ್ಲ. ವಿಮಾನದ ಟಿಕೆಟ್ ಮಾತ್ರ ಹೋಯಿತು, ಆಫೀಸಿನಲ್ಲಿ "ನೆಟ್‌ವರ್ಕ್ ಇರಲಿಲ್ಲ" ಅಂದರೆ ಮ್ಯಾನೇಜರ್ ನಂಬಲಿಲ್ಲ. ಟಿವಿ ನೋಡಿ ಸರ್ ಅಂದೆ.

ಹೆದರಿಸುವುದಕ್ಕೆ ಹೇಳುತ್ತಿಲ್ಲ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಜಾಸ್ತಿ ಅಕ್ಟೋಬರಿಂದ ಡಿಸೆಂಬರ್ ಒಳಗೆ. ಆಗ ಹೋಗೋರು ವಾಪಸ್ ವಿಮಾನದ ಹಿಂದಿನ ದಿನವೇ ಪೋರ್ಟ್ ಬ್ಲೇರ್‌ಗೆ ಬಂದು ಕೂತಿರಿ. ಬೆಳಗ್ಗೆ ಫೆರ್ರಿ, ಮಧ್ಯಾಹ್ನ ವಿಮಾನ ಅಂತ ಪ್ಲಾನ್ ಮಾಡೋರು ದೇವರ ಮೇಲೆ ಭಾರ ಹಾಕಿದ ಹಾಗೆ.

ಜಯನಗರ_4ನೇ_ಬ್ಲಾಕ್ · 11:02

ಹಾಗಂತ ಏಪ್ರಿಲ್-ಮೇ ಏನು ಸಾಚಾನಾ? 2023ರ ಮೇನಲ್ಲಿ ಮೋಕಾ ಹುಟ್ಟಿದ್ದೂ ಅಲ್ಲೇ ಹತ್ತಿರ.

ಸಿಕ್ಕಿಬಿದ್ದವ · 11:05

ಮೇನಲ್ಲಿ. ಅವರು ಕೇಳಿದ್ದು ಏಪ್ರಿಲ್. ರಜೆ ಏಪ್ರಿಲ್ ಎರಡನೇ ವಾರಕ್ಕೆ ಶುರು, ಮೇ ಬರುವ ಮುಂಚೆ ವಾಪಸ್ ಬಂದುಬಿಡಲಿ.

ಹೊನ್ನಾವರದವ · ಸೋಮವಾರ ಬೆಳಗ್ಗೆ 6:40

ನೇತ್ರಾಣಿಗೆ ಹೆಸರುಬೇಳೆ ಕಟ್ಟು ಅಂದಿದ್ದು ಓದಿ ಬೆಳಗ್ಗೆ ಬೆಳಗ್ಗೆ ಬೇಜಾರಾಯಿತು ಅಕ್ಕಾ. ತಪ್ಪು ನೇತ್ರಾಣಿಯದ್ದಲ್ಲ ಮಾರಾಯ್ರೆ, ನೀವು ಹೋದ ವಾರದ್ದು.

ನಮ್ಮ ಕಡೆ ಮಳೆಗಾಲದ ಗಾಳಿಗೆ ಮೇಲಿನ ನೀರು ದಡ ಬಿಟ್ಟು ಸರಿಯುತ್ತದೆ. ಅದರ ಜಾಗಕ್ಕೆ ಅಡಿಯ ತಣ್ಣೀರು ಮೇಲೆ ಬರುತ್ತದೆ. ಆ ನೀರಲ್ಲಿ ಗೊಬ್ಬರ ಇದ್ದ ಹಾಗೆ, ಬಿಸಿಲು ಬಿದ್ದ ಕೂಡಲೇ ಪಾಚಿ ಹುಟ್ಟುತ್ತದೆ. ನೀವು ನೋಡಿದ ಹಸಿರು ಅದೇ. ಆ ಪಾಚಿ ತಿನ್ನಲಿಕ್ಕೆ ತಾರ್ಲೆ ಮೀನು, ಅದರ ಜೊತೆ ಬಂಗಡೆ ಬರುತ್ತದೆ. ಅಕ್ಟೋಬರ್‌ನಲ್ಲಿ ಬೆಂಗಳೂರಿನ ಹೋಟೆಲಲ್ಲಿ ಕೂತು ಬಂಗಡೆ ಫ್ರೈ ತಿನ್ನುವವರು ಆ ಹಸಿರು ನೀರಿಗೆ ಬೈಯಬಾರದು.

ಪಾಚಿ ಕುಳಿತು ನೀರು ತಿಳಿಯಾಗಲಿಕ್ಕೆ ನವೆಂಬರ್ ಬೇಕು. ಡಿಸೆಂಬರ್, ಜನವರಿಯಲ್ಲಿ ಬನ್ನಿ, ಆಮೇಲೆ ಮಾತಾಡುವ. ನಮಗೆ ಈಶಾನ್ಯದ ಗಾಳಿ ಭೂಮಿಯ ಕಡೆಯಿಂದ ಬರುತ್ತದೆ, ಸಮುದ್ರ ಎಬ್ಬಿಸುವುದಿಲ್ಲ. ನಿಮ್ಮ ಅಂಡಮಾನ್‌ನ ಪೂರ್ವ ದಡಕ್ಕೆ ಡಿಸೆಂಬರ್ ಕಷ್ಟ, ನಮಗೆ ಡಿಸೆಂಬರ್ ಸುಖ. ಒಂದೇ ಗಾಳಿ. ಜೂನಿಂದ ಸೆಪ್ಟೆಂಬರ್ ತನಕ ನೇತ್ರಾಣಿ ಬಂದ್. ನಮ್ಮ ದೊಡ್ಡ ಬೋಟುಗಳೇ ಜೂನ್ 1ರಿಂದ ಜುಲೈ 31ರ ತನಕ ಕಡಲಿಗೆ ಇಳಿಯುವಂತಿಲ್ಲ. ಆಮೇಲೂ ನೂಲ ಹುಣ್ಣಿಮೆಗೆ ಸಮುದ್ರ ಪೂಜೆ ಮಾಡಿ, ತೆಂಗಿನಕಾಯಿ ಬಿಟ್ಟೇ ಹೋಗುವುದು.

ಚುರುಮುರಿ_ಚಿಕ್ಕಪೇಟೆ · 7:15

ನೇತ್ರಾಣಿ ಹತ್ತಿರ ನೌಕಾಪಡೆಯವರು ಗುಂಡು ಹೊಡೆದು ಅಭ್ಯಾಸ ಮಾಡ್ತಿದ್ದರು ಅಂತಾರೆ, ನಿಜನಾ?

ಹೊನ್ನಾವರದವ · 7:22

ನಿಜ. ನೀರಡಿಯಲ್ಲಿ ಹಳೇ ಫಿರಂಗಿ ಶೆಲ್ ಬಿದ್ದಿರುತ್ತದೆ. ಮುಟ್ಟಲಿಕ್ಕೆ ಹೋಗಬೇಡಿ. ಅದು ಬಿಟ್ಟು ಮೇಲೆ ನೋಡಿ, ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುವ ಜಾಗ ಅದು.

ವಿಜಯನಗರದ_ಮೀನು · 8:05

ಹೊನ್ನಾವರದಣ್ಣ, ಕ್ಷಮೆ ಕೇಳ್ತೀನಿ. ನೇತ್ರಾಣಿಗೆ ಜನವರಿಯಲ್ಲಿ ಖಂಡಿತ ಬರ್ತೀವಿ. ಬಂಗಡೆ ಮಾತ್ರ ತಿನ್ನಲ್ಲ, ನಾವು ಸಸ್ಯಾಹಾರಿಗಳು. ಅಂಡಮಾನ್‌ನಲ್ಲಿ ಊಟ ಸಿಗುತ್ತಾ?

ಜಯನಗರ_4ನೇ_ಬ್ಲಾಕ್ · 8:11

ಸಿಗುತ್ತೆ. ಜನ ಜಾಸ್ತಿ ಬಂಗಾಳಿಗಳು, ತಮಿಳರೂ ಇದ್ದಾರೆ. ಅನ್ನ, ಬೇಳೆ, ತರಕಾರಿ ಪಲ್ಯ ಎಲ್ಲ ಕಡೆ. ದೋಸೆನೂ ಸಿಗುತ್ತೆ, ಆದರೆ ದೋಸೆ ಅನ್ನುವ ಪದಕ್ಕೆ ನಿಮ್ಮ ಮನಸ್ಸಲ್ಲಿರುವ ಅರ್ಥ ಸ್ವಲ್ಪ ಸಡಿಲ ಮಾಡಿಕೊಳ್ಳಬೇಕು.

ಸಿಕ್ಕಿಬಿದ್ದವ · 8:13

ಚಟ್ನಿಪುಡಿ ಒಯ್ಯಿರಿ. ಅನುಭವದ ಮಾತು.

ಪಂಚಾಂಗ_ಪಾಂಡು · 9:30

ಎಲ್ಲರೂ ಗಾಳಿ, ಮಳೆ ಅಂತ ಹೇಳ್ತಿದ್ದೀರ. ಚಂದ್ರನನ್ನು ಮರೆತುಬಿಟ್ಟಿರಲ್ಲ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಉಬ್ಬರ-ಇಳಿತ ಜೋರು. ಪೋರ್ಟ್ ಬ್ಲೇರ್ ಕಡೆ ಆಗ ಎರಡು ಮೀಟರ್ ಆಸುಪಾಸು ನೀರು ಹತ್ತಿ ಇಳಿಯುತ್ತೆ. ಅಷ್ಟು ನೀರು ಆರು ಗಂಟೆಯಲ್ಲಿ ಆ ಕಡೆ ಈ ಕಡೆ ಓಡಾಡಬೇಕು ಅಂದರೆ ಸೆಳೆತ ಇರಲೇಬೇಕು. ಹೊಸಬರು ಅಷ್ಟಮಿ ದಿನ ನೋಡಿಕೊಂಡು ಇಳಿದರೆ ಸೆಳೆತ ಕಡಿಮೆ, ಮರಳೂ ಏಳಲ್ಲ. ನಾನು ಒಂಟಿಕೊಪ್ಪಲ್ ಪಂಚಾಂಗ ನೋಡಿಯೇ ಡೈವ್ ಬುಕ್ ಮಾಡೋದು. ಸ್ನೇಹಿತರು ನಗ್ತಾರೆ, ನಗಲಿ.

ಕೋರಮಂಗಲ_ಕೋಡರ್ · 9:41

ರಾಹುಕಾಲನೂ ನೋಡ್ತೀರಾ ಪಾಂಡು ಸರ್?

ಪಂಚಾಂಗ_ಪಾಂಡು · 9:44

ಅದರ ಅಗತ್ಯ ಬಿದ್ದಿಲ್ಲ. ಸೋಮವಾರ ರಾಹುಕಾಲ ಏಳೂವರೆಗೆ, ಬೋಟ್ ಆರೂವರೆಗೇ ಹೊರಡುತ್ತೆ. 😀 ಅಲ್ಲಿ ಏಪ್ರಿಲ್‌ನಲ್ಲಿ ಐದು ಗಂಟೆ ಕಳೆಯುತ್ತಲೇ ಸೂರ್ಯ ಹುಟ್ಟಿಬಿಡುತ್ತಾನೆ, ಸಂಜೆ ಐದೂವರೆ ದಾಟಿದ ಕೂಡಲೇ ಕತ್ತಲೆ. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಅವರದ್ದು.

ನೀರುನಾಯಿ · 10:10

ಪಾಂಡು ಹೇಳಿದ್ದು ಸರಿ, ಒಂದು ಸಣ್ಣ ತಿದ್ದುಪಡಿ. ಸೆಳೆತ ತೀರಾ ಕಡಿಮೆ ಆಗುವುದು ಅಷ್ಟಮಿ ದಿನವೇ ಅಲ್ಲ, ಅದಾಗಿ ಒಂದೆರಡು ದಿನಕ್ಕೆ. ಸಮುದ್ರ ಚಂದ್ರನಿಗಿಂತ ಸ್ವಲ್ಪ ನಿಧಾನ. ಅಂದರೆ ನವಮಿ, ದಶಮಿ.

ಪಂಚಾಂಗ_ಪಾಂಡು · 10:18

ಅಯ್ಯೋ, ಹಾಗಾದರೆ ರಾಮನವಮಿ! ಚೈತ್ರ ಶುದ್ಧ ನವಮಿ. ಗಾಳಿ ಇಲ್ಲ, ಸೆಳೆತ ಇಲ್ಲ. ಪಾನಕ, ಕೋಸಂಬರಿ ಬೋಟ್‌ನಲ್ಲೇ ಹಂಚಬಹುದು.

ಜಯನಗರ_4ನೇ_ಬ್ಲಾಕ್ · 10:25

ಹಾಗಾದರೆ ಮಹಾನವಮಿನೂ ನವಮಿನೇ. ದಸರಾಕ್ಕೆ ಹೋಗಬಹುದು ಅಂತ ಆಯ್ತಲ್ಲ?

ನೀರುನಾಯಿ · 10:29

ಸೆಳೆತದ ಮಟ್ಟಿಗೆ ಪಾಸು, ಗಾಳಿಯಲ್ಲಿ ಫೇಲು. ಎರಡೂ ಪೇಪರ್ ಬರೀಬೇಕು ಸರ್.

ದ್ವೀಪಾಂತರ · 11:47

ದಸರಾನೇ ಬೇಕು ಅಂದರೆ ಬೇರೆ ದ್ವೀಪ ನೋಡಿ. ಶ್ರೀಲಂಕಾ ಒಳ್ಳೆ ಉದಾಹರಣೆ: ಪಶ್ಚಿಮದ ಹಿಕ್ಕಡುವಾ ನವೆಂಬರಿಂದ ಏಪ್ರಿಲ್, ಪೂರ್ವದ ಟ್ರಿಂಕೋಮಲಿ ಮೇಯಿಂದ ಸೆಪ್ಟೆಂಬರ್. ಒಂದೇ ದ್ವೀಪ, ಎರಡು ಸೀಸನ್. ತಮಾಷೆ ಅಂದರೆ ಟ್ರಿಂಕೋಮಲಿ ಹತ್ತಿರ ಇರುವುದೂ ಪಿಜನ್ ಐಲ್ಯಾಂಡ್, ನಮ್ಮ ನೇತ್ರಾಣಿಗೂ ಬ್ರಿಟಿಷರು ಇಟ್ಟ ಹೆಸರು ಅದೇ. ಆದರೆ ಅಕ್ಟೋಬರ್ ಶ್ರೀಲಂಕಾದ ಎರಡೂ ದಡಕ್ಕೆ ಸಂಧಿಕಾಲ, ದಸರಾಕ್ಕೆ ಅದೂ ಅನುಮಾನವೇ.

ಮಾಲ್ಡೀವ್ಸ್‌ನಲ್ಲಿ ಕಥೆಯೇ ಬೇರೆ. ಅಲ್ಲಿ ನೀರು ಮಬ್ಬಾಗಿದ್ದರೆ ಜನ ಖುಷಿ ಪಡ್ತಾರೆ! ಬಾ ಅಟಾಲ್ ಅನ್ನುವ ದ್ವೀಪಗಳ ಗುಂಪಿನ ಹನಿಫಾರು ಕೊಲ್ಲಿಗೆ ಮೇಯಿಂದ ನವೆಂಬರ್ ತನಕ ಮಾಂಟಾ ಮೀನುಗಳು ಬರುವುದು ಆ ಮಬ್ಬು ನೀರಿನಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳನ್ನು, ಅಂದರೆ ಪ್ಲಾಂಕ್ಟನ್ ತಿನ್ನೋಕೆ. ಅಲ್ಲಿ ಸ್ಕೂಬಾ ನಿಷೇಧ, ಬರೀ ಸ್ನಾರ್ಕೆಲಿಂಗ್, ಅಂದರೆ ಕೊಳವೆ ಕಚ್ಚಿಕೊಂಡು ಮೇಲೇ ತೇಲುತ್ತಾ ನೋಡೋದು. ನಾನು ಹೋಗಿದ್ದು ಆಗಸ್ಟ್‌ನಲ್ಲಿ, ದಿನಾ ಮಳೆ. ಬಾಗಿಲಿನಷ್ಟು ಅಗಲದ ಮೀನು ಬಾಯಿ ತೆರೆದುಕೊಂಡು ಎದೆಯ ಕೆಳಗೇ ಹೋಯಿತು. ಮಳೆಗೆ ಬೈಯೋದು ಅವತ್ತಿಂದ ಬಿಟ್ಟೆ.

ಹೊನ್ನಾವರದವ · 11:55

ನೋಡಿ, ಹಸಿರು ನೀರಿಗೆ ಬೈಯಬೇಡಿ ಅಂತ ನಾನು ಬೆಳಗ್ಗೆಯೇ ಹೇಳಿದ್ದು ಅದನ್ನೇ.

ಕಿವಿ_ಡಾಕ್ಟ್ರಲ್ಲ · ಮಧ್ಯಾಹ್ನ 1:20

ಮಗಳ ಬಗ್ಗೆ ಯಾರೂ ಹೇಳಲಿಲ್ಲ. 12 ಆಗದೆ ಸರ್ಟಿಫಿಕೇಟ್ ಕೊಡಲ್ಲ ಅಂತ ಕೇಳಿದ್ದೆ.

ನೀರುನಾಯಿ · 1:34

10 ತುಂಬಿದ್ದರೆ ಆಗುತ್ತೆ. ಸ್ಕೂಬಾ ಸರ್ಟಿಫಿಕೇಟ್ ಕೊಡುವ ಪ್ಯಾಡಿ ಸಂಸ್ಥೆಯ ಪದ್ಧತಿಯಲ್ಲಿ ಮಕ್ಕಳಿಗೆ ಜೂನಿಯರ್ ಓಪನ್ ವಾಟರ್ ಅಂತ ಕೋರ್ಸ್ ಇದೆ. 10-11 ವಯಸ್ಸಿನವರು 12 ಮೀಟರ್ ಆಳದ ತನಕ ಮಾತ್ರ, ಅದೂ ಸರ್ಟಿಫಿಕೇಟ್ ಇರುವ ಅಪ್ಪ-ಅಮ್ಮ ಅಥವಾ ಇನ್‌ಸ್ಟ್ರಕ್ಟರ್ ಜೊತೆಗೆ. ದೊಡ್ಡವರಿಗೆ 18 ಮೀಟರ್. 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಮೊದಲು ಆರೋಗ್ಯದ ಪ್ರಶ್ನೆಗಳ ಒಂದು ಹಾಳೆ ಕೊಡುತ್ತಾರೆ. ಉಬ್ಬಸ ಗಿಬ್ಬಸ ಇದ್ದರೆ ಮುಚ್ಚಿಡಬೇಡಿ, ಮೊದಲೇ ಡಾಕ್ಟರಿಗೆ ತೋರಿಸಿ.

ಒಂದು ಉಪಾಯ: ಪಾಠ, ಈಜುಕೊಳದ ಅಭ್ಯಾಸ ಎರಡನ್ನೂ ಬೆಂಗಳೂರಲ್ಲೇ ಮುಗಿಸಿ. ಕಡಲಿನ ನಾಲ್ಕು ಡೈವ್ ಮಾತ್ರ ಅಲ್ಲಿ ಹೋಗಿ ಮಾಡಿ. ರಜೆಯಲ್ಲಿ ಎರಡು ದಿನ ಉಳಿಯುತ್ತೆ. ಆ ಎರಡು ದಿನವೇ ನಿಮ್ಮ ವಿಮೆ, ಗಾಳಿ ಎದ್ದು ಒಂದು ದಿನ ಹೋದರೂ ಅಳಬೇಕಾಗಿಲ್ಲ.

ಕಿವಿ_ಡಾಕ್ಟ್ರಲ್ಲ · 1:50

ಸರಿ, ತಪ್ಪು ತಿದ್ದಿದ್ದಕ್ಕೆ ಥ್ಯಾಂಕ್ಸ್. ನನಗೆ ಗೊತ್ತಿರುವುದು ಕಿವಿಯ ವಿಷಯ ಮಾತ್ರ, ಅದೂ ಪೆಟ್ಟು ತಿಂದು ಕಲಿತಿದ್ದು.

ನೀರಲ್ಲಿ 10 ಮೀಟರ್ ಇಳಿದರೆ ಒತ್ತಡ ಎರಡು ಪಟ್ಟು. ಆದರೆ ಕಿವಿಗೆ ಕಷ್ಟ ಕೊಡುವುದು ಕೊನೆಯ ಮೀಟರ್ ಅಲ್ಲ, ಮೊದಲ ಮೂರ್ನಾಲ್ಕು ಮೀಟರ್. ಮೂಗು ಹಿಡಿದು ಮೆತ್ತಗೆ ಊದಬೇಕು, ನೋವು ಬರುವ ಮುಂಚೆನೇ. ನಾನು ನೋವು ಬಂದ ಮೇಲೆ ಊದೋಣ ಅಂತ ಕೂತೆ. ಇನ್‌ಸ್ಟ್ರಕ್ಟರ್ ಹೆಬ್ಬೆರಳು ಮೇಲೆ ಮಾಡಿ ತೋರಿಸಿದರು, ನಾನು "ಸೂಪರ್" ಅಂದುಕೊಂಡು ನಾನೂ ತೋರಿಸಿದೆ. ನೀರೊಳಗೆ ಅದರ ಅರ್ಥ "ಮೇಲೆ ಹೋಗೋಣ". ಇಬ್ಬರೂ ಮೇಲೆ ಬಂದೆವು. ಅವತ್ತಿನ ಡೈವ್ ಅಲ್ಲಿಗೆ ಮುಗಿಯಿತು.

ಬೆಂಗಳೂರಿನವರಿಗೆ ಇನ್ನೊಂದು ಮಾತು. ನಮ್ಮಲ್ಲಿ ಅರ್ಧ ಜನಕ್ಕೆ ಧೂಳಿನ ಅಲರ್ಜಿ, ವರ್ಷ ಪೂರ್ತಿ ಮೂಗು ಕಟ್ಟಿರುತ್ತೆ. ನೆಗಡಿ ಇದ್ದರೆ ಇಳಿಯಬೇಡಿ. ಮಾತ್ರೆ ನುಂಗಿ ಇಳಿಯುವವರೂ ಇದ್ದಾರೆ. ಕೆಳಗಿದ್ದಾಗ ಮಾತ್ರೆಯ ಶಕ್ತಿ ಮುಗಿದರೆ ಮೇಲೆ ಬರುವಾಗ ಕಿವಿಯೊಳಗೆ ಗಾಳಿ ಸಿಕ್ಕಿಕೊಳ್ಳುತ್ತೆ. ಅದು ಇಳಿಯುವಾಗಿನ ನೋವಿಗಿಂತ ಕೆಟ್ಟದ್ದು.

ಘಾಟಿ_ಸೆಕ್ಷನ್ · ಸಂಜೆ 5:05

ವಾಪಸ್ ಬರುವುದರ ಬಗ್ಗೆ. ಡೈವ್ ಮಾಡಿ ತಕ್ಷಣ ವಿಮಾನ ಹತ್ತಬಾರದು ಅನ್ನೋದು ಎಲ್ಲರಿಗೂ ಗೊತ್ತು. ಒಂದೇ ಡೈವ್ ಆದರೆ ಕಡೇ ಪಕ್ಷ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಆದರೆ 18 ಗಂಟೆ. ಸುಮ್ನೆ 24 ಗಂಟೆ ಇಟ್ಟುಕೊಳ್ಳಿ. ರಕ್ತದಲ್ಲಿ ಕರಗಿದ ಸಾರಜನಕ ನಿಧಾನಕ್ಕೆ ಹೊರಗೆ ಹೋಗಬೇಕು, ಇಲ್ಲಾಂದ್ರೆ ಸೋಡಾ ಬಾಟಲ್ ಮುಚ್ಚಳ ತೆಗೆದ ಹಾಗೆ ಗುಳ್ಳೆ ಏಳುತ್ತೆ.

ಆದರೆ ನೇತ್ರಾಣಿಗೆ ಹೋಗುವ ಬೆಂಗಳೂರಿನವರು ಮರೆಯುವುದು ಒಂದಿದೆ. ಆ ನಿಯಮ ಶುರುವಾಗುವುದು ಸುಮಾರು 600 ಮೀಟರ್ ಎತ್ತರದಿಂದ. ನಮ್ಮೂರೇ 900 ಮೀಟರ್ ಮೇಲಿದೆ! ಮಧ್ಯಾಹ್ನ ಡೈವ್ ಮುಗಿಸಿ, ಊಟ ಮಾಡಿ, ಕಾರಲ್ಲಿ ಗೇರುಸೊಪ್ಪೆ ಘಟ್ಟ ಹತ್ತಿ ರಾತ್ರಿಯೇ ಬೆಂಗಳೂರು ಸೇರೋದು ಅಂದರೆ ವಿಮಾನ ಹತ್ತೋದರ ತಮ್ಮನೇ.

ಜಯನಗರ_4ನೇ_ಬ್ಲಾಕ್ · 5:20

ಇದು ಸ್ವಲ್ಪ ಅತಿಯಾಯ್ತು ಗುರು. ಪ್ರತಿ ವಾರಾಂತ್ಯ ಎಷ್ಟೋ ಜನ ಹಾಗೇ ಬರ್ತಾರೆ. ಯಾರಿಗೆ ಏನಾಗಿದೆ?

ಘಾಟಿ_ಸೆಕ್ಷನ್ · 5:26

ಹೆಲ್ಮೆಟ್ ಇಲ್ಲದೆ ಎಷ್ಟೋ ಜನ ಮನೆ ಮುಟ್ಟುತ್ತಾರೆ ಸರ್.

ಅರ್ಧ ಗಂಟೆ, ಎಂಟು ಮೀಟರ್ ಆಳಕ್ಕೆ ಇಳಿದವರಿಗೆ ಅಪಾಯ ಕಡಿಮೆ, ಒಪ್ಪುತ್ತೇನೆ. ಎರಡು ದಿನ ನಾಲ್ಕು ಡೈವ್ ಮಾಡಿದವರು ಆ ರಾತ್ರಿ ಮುರುಡೇಶ್ವರದಲ್ಲೇ ಉಳಿಯಲಿ. 123 ಅಡಿ ಶಿವ ಇದ್ದಾನೆ, ನೋಡಿಕೊಂಡು ಮಾರನೇ ದಿನ ಬರಲಿ. ರೈಲಿನಲ್ಲಿ ಬಂದರೂ ಸುಬ್ರಹ್ಮಣ್ಯದ ಘಟ್ಟ ಹತ್ತಲೇಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ.

ಹೊನ್ನಾವರದವ · 5:40

ಇವರ ಮಾತು ಕೇಳಿ. ಉಳಿಯಿರಿ. ಊಟಕ್ಕೆ ನಮ್ಮ ಮನೆಗೆ ಬನ್ನಿ ಅನ್ನುವಷ್ಟು ಧೈರ್ಯ ಇಲ್ಲ, ಸಸ್ಯಾಹಾರ ಮಾಡಲಿಕ್ಕೆ ನಮ್ಮವಳಿಗೆ ಬೇಜಾರು.

ಹವಳದ_ಹುಚ್ಚ · ರಾತ್ರಿ 8:32

ಏಪ್ರಿಲ್ ಏಪ್ರಿಲ್ ಅಂತ ಎಲ್ಲರೂ ಕುಣಿಯುತ್ತಿದ್ದೀರ. ಒಂದು ಬೇಸರದ ಸುದ್ದಿ ಹೇಳಲೇಬೇಕು. ಗಾಳಿ ಇಲ್ಲ ಅಂದರೆ ನೀರು ಕಲಕಲ್ಲ, ಬಿಸಿಲಿಗೆ ಕಾಯುತ್ತಾ ಹೋಗುತ್ತೆ. ಏಪ್ರಿಲ್ ಕೊನೆ, ಮೇ ಹೊತ್ತಿಗೆ ಸಮುದ್ರ ವರ್ಷದಲ್ಲೇ ಜಾಸ್ತಿ ಬಿಸಿ. ಕೆಲವು ವರ್ಷ 30 ಡಿಗ್ರಿ ದಾಟಿ ವಾರಗಟ್ಟಲೆ ಹಾಗೇ ನಿಲ್ಲುತ್ತೆ. ಆಗ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತೆ. ಅಂಡಮಾನ್‌ನಲ್ಲಿ 1998, 2010, 2016ರಲ್ಲಿ ಹೀಗಾಗಿದೆ. 2010ರದ್ದು ಭಾರಿ ಪೆಟ್ಟು. 2024ರಲ್ಲಿ ಲಕ್ಷದ್ವೀಪದಲ್ಲೂ ಆಯಿತು.

ಅಲ್ಲಿಯ ಆಳವಿಲ್ಲದ ಜಾಗಗಳಲ್ಲಿ ಮುರಿದ ಹವಳದ ಚೂರು ರಾಶಿ ಬಿದ್ದಿರುವುದು ಕಂಡರೆ ಆಶ್ಚರ್ಯ ಪಡಬೇಡಿ. ಮೀನು ಬೇಕಾದಷ್ಟಿವೆ. ಆದರೆ ಟಿವಿಯಲ್ಲಿ ತೋರಿಸುವ ಬಣ್ಣದ ತೋಟ ಅಂದುಕೊಂಡು ಹೋಗಬೇಡಿ. ಮಗಳಿಗೂ ಹೇಳಿ, ಹವಳದ ಮೇಲೆ ನಿಲ್ಲಬಾರದು, ಮುಟ್ಟಬಾರದು.

ಕೋರಮಂಗಲ_ಕೋಡರ್ · 8:50

ಇಷ್ಟೆಲ್ಲ ಓದಿದ ಮೇಲೆ ನನಗೂ ಹೋಗಬೇಕು ಅನ್ನಿಸುತ್ತಿದೆ. ಅಲ್ಲಿಂದ ವರ್ಕ್ ಫ್ರಂ ಹೋಂ ಆಗುತ್ತಾ?

ಸಿಕ್ಕಿಬಿದ್ದವ · 8:52

2020ರ ಆಗಸ್ಟ್‌ನಲ್ಲಿ ಚೆನ್ನೈಯಿಂದ ಸಮುದ್ರದಡಿ ಕೇಬಲ್ ಬಂದ ಮೇಲೆ ಪರವಾಗಿಲ್ಲ. ನನ್ನ ಕಾಲದಲ್ಲಿ ವಾಟ್ಸಾಪ್‌ನ ಒಂದು ಟಿಕ್ ಎರಡಾಗೋಕೆ ಕಾಫಿ ಕುಡಿದು ಬರಬೇಕಿತ್ತು. ಆದರೆ ಮ್ಯಾನೇಜರ್‌ಗೆ ಹೇಳಬೇಡ ತಮ್ಮಾ. "ನೆಟ್‌ವರ್ಕ್ ಇಲ್ಲ" ಅನ್ನುವ ಕೊನೇ ಜಾಗನೂ ಹೋಗುತ್ತೆ.

ಕೋರಮಂಗಲ_ಕೋಡರ್ · 8:57

ಹೋಗೋ ಹಿಂದಿನ ವಾರ ಗಾಳಿ ಹೇಗಿದೆ ಅಂತ ಎಲ್ಲಿ ನೋಡೋದು? ನನ್ನ ಫೋನಿನ ಆಪ್ ಬರೀ ಮೋಡದ ಚಿತ್ರ ತೋರಿಸುತ್ತೆ.

ನೀರುನಾಯಿ · 9:08

ಮೋಡದ ಚಿತ್ರ ಬಿಡಿ. ಹೈದರಾಬಾದ್‌ನ ಇನ್‌ಕಾಯಿಸ್ ಅಂತ ಸರ್ಕಾರಿ ಸಂಸ್ಥೆ ಇದೆ, ಅಲೆ ಎಷ್ಟು ಎತ್ತರ, ಯಾವ ದಿಕ್ಕಿನಿಂದ ಅಂತ ಮುನ್ಸೂಚನೆ ಕೊಡುತ್ತೆ. ಮೀನುಗಾರರಿಗೆ ಅಂತ ಮಾಡಿದ್ದು, ನಮಗೂ ಅದೇ ಸಾಕು. ಚಂಡಮಾರುತಕ್ಕೆ ಹವಾಮಾನ ಇಲಾಖೆ. ಇವೆರಡರ ಜೊತೆಗೆ ಡೈವ್ ಅಂಗಡಿಗೆ ಒಂದು ಫೋನ್ ಮಾಡಿ. "ಸೀಸನ್ ಹೇಗಿದೆ" ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅಂತಾರೆ. "ನಿನ್ನೆ ಬೋಟ್ ಎಲ್ಲಿಗೆ ಹೋಗಿತ್ತು, ಎಷ್ಟು ದೂರ ಕಾಣುತ್ತಿತ್ತು" ಅಂತ ಕೇಳಿ. ಸುಳ್ಳು ಹೇಳೋಕೆ ಕಷ್ಟ ಆಗುತ್ತೆ.

ವಿಜಯನಗರದ_ಮೀನು · ಮಂಗಳವಾರ ಬೆಳಗ್ಗೆ 7:30

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮನೆಯಲ್ಲಿ ಸಭೆ ಆಯಿತು. ಏಪ್ರಿಲ್, ರಜೆ ಶುರುವಾದ ವಾರವೇ. ಜನವರಿಯಿಂದ ಈಜುಕೊಳದ ಕ್ಲಾಸ್ ಇಲ್ಲೇ. ಅಲ್ಲಿ ಒಂಬತ್ತು ದಿನ, ಅದರಲ್ಲಿ ಎರಡು ದಿನ ಖಾಲಿ, ಕೊನೇ ದಿನ ಪೋರ್ಟ್ ಬ್ಲೇರ್. ಟ್ರಾವೆಲ್ಸ್‌ನವರಿಗೆ "ಎರಡು ದಿನ ಏನೂ ಇಟ್ಟುಕೊಳ್ಳಬೇಡಿ" ಅಂದರೆ "ಏನೂ ಇಲ್ಲದ ದಿನಕ್ಕೆ ಯಾಕೆ ದುಡ್ಡು ಕೊಡ್ತೀರಾ ಮೇಡಂ" ಅಂತ ಮರುಕ ಪಟ್ಟರು.

ಪಾಂಡು ಅವರೇ, ನಿನ್ನೆ ರಾತ್ರಿ ಅತ್ತೆ ಹತ್ತಿರ ಹೋಗಿ "ಪಂಚಾಂಗ ಎಲ್ಲಿದೆ ಅತ್ತೆ?" ಅಂತ ಕೇಳಿದೆ. ಮದುವೆಯಾಗಿ 14 ವರ್ಷದಲ್ಲಿ ಮೊದಲ ಸಲ. ಅವರು ಕನ್ನಡಕ ಸರಿ ಮಾಡಿಕೊಂಡು ನನ್ನನ್ನೇ ಒಂದು ನಿಮಿಷ ನೋಡಿದರು. ಏಪ್ರಿಲ್‌ನಲ್ಲಿ ನವಮಿ ಯಾವಾಗ ಅಂದೆ. "ಏನಮ್ಮಾ, ವ್ರತ ಏನಾದರೂ ಹಿಡಿದಿದ್ದೀಯಾ?" ಅಂದರು. ಹೂಂ ಅಂದುಬಿಟ್ಟೆ.

ಪಂಚಾಂಗ_ಪಾಂಡು · 7:41

ಒಂದು ನಿಮಿಷ ಮೇಡಂ. ಯುಗಾದಿ ಆದ ಮೇಲಿನ ತಿಥಿ ಈ ವರ್ಷದ ಪಂಚಾಂಗದಲ್ಲಿ ಇರಲ್ಲ, ಹೊಸದು ಬರಬೇಕು. ಅಲ್ಲಿ ತನಕ ಗೋಡೆ ಮೇಲಿನ ಇಂಗ್ಲಿಷ್ ಕ್ಯಾಲೆಂಡರ್‌ನಲ್ಲಿ ಅರ್ಧ ಚಂದ್ರನ ಗುರುತು ಹುಡುಕಿ. ರಾಮನವಮಿ ರಜೆಗೆ ಮೊದಲೇ ಬಂದು ಹೋದರೆ ಯೋಚನೆ ಬೇಡ, ಹುಣ್ಣಿಮೆ ಕಳೆದ ಮೇಲೆ ಬಹುಳ ನವಮಿನೂ ನಡೆಯುತ್ತೆ.

ವಿಜಯನಗರದ_ಮೀನು · 7:44

ಅಯ್ಯೋ. ಅತ್ತೆ ಆಗಲೇ ಹಳೇ ಪಂಚಾಂಗ ಪೂರ್ತಿ ತಿರುವಿ ಹಾಕುತ್ತಿದ್ದಾರೆ.